ನೆತ್ತಿಯ ತೂತಿನ ಆಕ್ಷೇಪಣೆ

ಮೇಲಿನಿಂದ ಕೆಳಗೆ ಬೀಳುವ ಸರ್ಕಾರಿ ಮನುಷ್ಯನು ಸೆಕೆಂಡಿಗೆ ಐದು ಮೀಟರಿಗೆ ಮೀರದ ವೇಗದಲ್ಲಿ ಬೀಳತಕ್ಕದ್ದು. ಇದು ಅವರೋಹಣ ಇಲಾಖೆಯ ನಿಯಮಾವಳಿಯಲ್ಲಿ ಮೊದಲನೆಯ ನಿಯಮ. ಅದಕ್ಕಿಂತ ಬೇಗ ಬೀಳಬೇಕೆನ್ನುವವರು ಮೇಲಧಿಕಾರಿಗಳ ಪೂರ್ವಾನುಮತಿ ಪಡೆಯತಕ್ಕದ್ದು ಎಂದು ಎರಡನೆಯ ನಿಯಮ ಹೇಳುತ್ತದೆ. ಇಲಾಖೆ ಹುಟ್ಟಿದಂದಿನಿಂದ ಅಂಥ ಅರ್ಜಿ ಒಂದೂ ಬಂದಿಲ್ಲ. ಬಂದರೆ ಇರಲಿ ಎಂದು ಒಬ್ಬ ಗುಮಾಸ್ತರನ್ನು ಕೂರಿಸಿದ್ದಾರೆ. ಕೆಲಸದ ಒತ್ತಡ ಹೆಚ್ಚಿರುವುದರಿಂದ ತಮಗೊಬ್ಬ ಸಹಾಯಕರು ಬೇಕೆಂದು ಅವರು ಬರೆದುಕೊಂಡಿದ್ದಾರೆ.

ಈ ಐದು ಮೀಟರನ್ನು ಕಾಯುವ ಹೊಣೆ ವೇಗಾಧಿಕಾರಿಗಳದು. ಪಡಸಾಲೆಯ ತುದಿಯಲ್ಲಿ ಅವರ ಕೋಣೆ. ಕಿಟಕಿ ತೆಗೆದರೆ ಇಲಾಖೆಯ ಹಾರುಗರು ಪ್ಯಾರಾಚೂಟು ಕಟ್ಟಿಕೊಂಡು ಬಂದಿಳಿಯುವ ಮೈದಾನ ಕಾಣುತ್ತದೆ, ಮುಚ್ಚಿದರೆ ಫ್ಯಾನಿನ ಗೊಣಗಾಟ ಕೇಳುತ್ತದೆ. ವೇಗಾಧಿಕಾರಿಗಳು ಕೆಟ್ಟವರಲ್ಲ. ಕೆಲಸ ಗೊತ್ತಿದ್ದವರು. ಗೊತ್ತಿದ್ದೂ ಸುಮ್ಮನಿರಬಲ್ಲವರು ಎಂಬ ಕಾರಣಕ್ಕೆ ಅವರ ಹೆಸರು ಬಡ್ತಿಯ ಪಟ್ಟಿಯಲ್ಲಿ ಮೇಲೇ ಇತ್ತು.

ಅವರು ವೇಗವನ್ನು ಗೋಡೆಯ ಲೆಕ್ಕದಲ್ಲಿ ಹೇಳುತ್ತಿದ್ದರು. ಹೊಸ ಹಾರುಗರು ಬಂದರೆ ಅಂಗಳಕ್ಕೆ ಕರೆದುಕೊಂಡು ಹೋಗಿ ಕಾಂಪೌಂಡು ತೋರಿಸುವರು. "ಮೇಲಿಂದ ಬೀಳೋವಾಗ ಭೂಮಿ ನಿಮ್ಮನ್ನ ಎಳೆಯುತ್ತೆ. ಬಟ್ಟೆಯೊಳಗೆ ಸಿಕ್ಕ ಗಾಳಿ ತಡೆಯುತ್ತೆ. ಎರಡೂ ಸರಿಸಮ ಆದ ಮೇಲೆ ವೇಗ ಏರಲ್ಲ, ಇಳಿಯಲ್ಲ, ಹಾಗೇ ನಿಲ್ಲುತ್ತೆ. ಬಟ್ಟೆ ಅಗಲ ಇದ್ರೆ ಕಡಿಮೆ ವೇಗದಲ್ಲೇ ನಿಲ್ಲುತ್ತೆ. ಐದು ಮೀಟರ್ ಅಂದ್ರೆ ಈ ಎದೆಮಟ್ಟದ ಗೋಡೆಯಿಂದ ಧುಮುಕಿದ ಹಾಗೆ. ಧುಮುಕಿ ನೋಡೋಣ." ಹಾರುಗರು ಧುಮುಕುವರು. ಮೊಣಕಾಲು ಸ್ವಲ್ಪ ಕುಕ್ಕಿದಂತಾಗುವುದು. "ಅಷ್ಟೇ," ಎನ್ನುವರು ವೇಗಾಧಿಕಾರಿಗಳು.

ಹೀಗೆ ಧುಮುಕಿದವರಲ್ಲಿ ಅವರ ಬಾಮೈದನೂ ಒಬ್ಬ. ಹೆಂಡತಿಯ ಒಬ್ಬನೇ ತಮ್ಮ. ಊಟದಲ್ಲಿ ಮುಂದು, ಓದಿನಲ್ಲಿ ಹಿಂದು, ಮೈಯೆಲ್ಲ ನಗು. "ನಿಮ್ಮ ಇಲಾಖೆಯಲ್ಲಿ ಏನಾದ್ರೂ ಒಂದು ಮಾಡಿ ಕೊಡಿ ಅಂದ್ರೆ, ನನ್ನ ತಮ್ಮನ್ನ ಆಕಾಶದಿಂದ ಬೀಳಿಸೋ ಕೆಲಸಾನೇ ಸಿಕ್ತಾ ನಿಮಗೆ?" ಎಂದು ಹೆಂಡತಿ ಆಗ ವಾರಗಟ್ಟಲೆ ರೇಗಿದ್ದರು. ಕೂತು ಮಾಡುವ ಕೆಲಸಗಳೆಲ್ಲ ಅವರವರ ಬಾಮೈದಂದಿರಿಂದ ತುಂಬಿಹೋಗಿದ್ದವು, ಖಾಲಿ ಇದ್ದದ್ದು ಬೀಳುವ ಕೆಲಸ ಒಂದೇ. ಅದೂ ಹಂಗಾಮಿ. ಬಾಮೈದ ಹಾರುವುದಕ್ಕೆ ಹೆದರುತ್ತಿರಲಿಲ್ಲ, ಹಂಗಾಮಿ ಎನ್ನುವ ಮಾತಿಗೆ ಹೆದರುತ್ತಿದ್ದ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಆಡಿಟರು ಬಂದರು.

ಆಡಿಟರು ಶಿಸ್ತಿನ ಮನುಷ್ಯ. ಮಡಿಚಿಟ್ಟ ಪ್ಯಾರಾಚೂಟನ್ನು ಹಾಗೇ ಎಣಿಸಿಕೊಂಡು ಹೋಗುವ ಜಾಯಮಾನದವರಲ್ಲ. ಒಂದನ್ನು ಬಿಡಿಸಿ ನೆಲದ ಮೇಲೆ ಹರಡಿಸಿದರು. ಸುತ್ತ ನಡೆದರು. ಚಪ್ಪಲಿ ಬಿಟ್ಟು ನಡುವಿಗೆ ಬಂದರು. ನೆತ್ತಿಯ ಜಾಗದಲ್ಲಿ ಕೈಯಿಟ್ಟರೆ ಕೈ ಬಟ್ಟೆಯ ಅಡಿಗೆ ಹೋಯಿತು, ಮೊಣಕೈ ಹೋಯಿತು, ಭುಜದವರೆಗೂ ಹೋಯಿತು.

"ಇದೇನಿದು?"

"ತೂತು ಸಾರ್," ಎಂದರು ವೇಗಾಧಿಕಾರಿಗಳು.

"ಎಲ್ಲದರಲ್ಲೂ ಇದೆಯಾ?"

"ಎಲ್ಲದರಲ್ಲೂ ಇದೆ."

"ಇದೇ ಜಾಗದಲ್ಲಿ?"

"ಇದೇ ಜಾಗದಲ್ಲಿ ಸಾರ್."

"ಹಾಗಾದ್ರೆ ಇಲಿ ಅಲ್ಲ," ಎಂದು ಆಡಿಟರು ಎದ್ದು ನಿಂತರು.

"ಬೇಕಂತಲೇ ಬಿಟ್ಟಿರೋದು ಸಾರ್. ಒಳಗೆ ತುಂಬಿದ ಗಾಳಿಗೆ ಹೊರಗೆ ಹೋಗೋಕೆ ಒಂದು ದಾರಿ ಬೇಕು. ನೆತ್ತಿಯಲ್ಲಿ ದಾರಿ ಕೊಡದಿದ್ರೆ ಒಂದು ಸಲ ಈ ಅಂಚಿನಿಂದ ನುಗ್ಗುತ್ತೆ, ಇನ್ನೊಂದು ಸಲ ಆ ಅಂಚಿನಿಂದ. ಕೆಳಗೆ ನೇತಾಡೋನು ತೊಟ್ಟಿಲಿನ ಹಾಗೆ ತೂಗೋಕೆ ಶುರು ಮಾಡ್ತಾನೆ."

"ತೂಗಬಾರದು ಅಂತ ನಿಯಮ ಇದೆಯಾ?"

ವೇಗಾಧಿಕಾರಿಗಳು ನೆನೆಸಿಕೊಂಡರು. ನಿಯಮಾವಳಿ ಬೀಳುವುದರ ಬಗ್ಗೆ ಮಾತ್ರ ಹೇಳುತ್ತಿತ್ತು. "ಇಲ್ಲ," ಎಂದರು.

"ಇರಲಿ. ಈ ತೂತಿನಲ್ಲಿದ್ದ ಬಟ್ಟೆ ಎಲ್ಲಿ?"

"ಅಲ್ಲಿ ಬಟ್ಟೆ ಇರಲೇ ಇಲ್ಲ ಸಾರ್. ಉದ್ದುದ್ದ ತುಂಡುಗಳನ್ನ ಪಕ್ಕಪಕ್ಕ ಜೋಡಿಸಿ ಹೊಲಿಯೋವಾಗಲೇ ನಡುವೆ ಜಾಗ ಬಿಡೋದು."

"ಇಲ್ಲದೇ ಇದ್ದ ಬಟ್ಟೆಯನ್ನ ಇರಲಿಲ್ಲ ಅಂತ ದೃಢೀಕರಿಸಿದವರು ಯಾರು?"

ಯಾರೂ ದೃಢೀಕರಿಸಿರಲಿಲ್ಲ. ಇಷ್ಟು ವರ್ಷ ತೂತನ್ನು ಬರಿಗಣ್ಣಿನಿಂದ ನೋಡಿ ನಂಬಿಬಿಟ್ಟಿದ್ದರು. ಕಡತದ ಭಾಷೆಯಲ್ಲಿ ಪ್ಯಾರಾಚೂಟಿಗೆ ಛತ್ರ ಎಂದು ಹೆಸರು. ಅಂದು ಸಂಜೆ ಆಡಿಟರು ತಮ್ಮ ವರದಿಯಲ್ಲಿ, ಇಲಾಖೆಯ ಸಮಸ್ತ ಛತ್ರಗಳ ಅತ್ಯಂತ ಎತ್ತರದ, ಅಂದರೆ ಯಾರ ಕಣ್ಣಿಗೂ ಸುಲಭವಾಗಿ ಬೀಳದ ಭಾಗದಿಂದ, ಒಂದೇ ಅಳತೆಯ ಬಟ್ಟೆ ವ್ಯವಸ್ಥಿತವಾಗಿ ಕಾಣೆಯಾಗಿದೆ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ನಿರ್ದೇಶಕರು ಸಭೆ ಕರೆದರು. ಅವರು ಬೀದಿದೀಪ ಇಲಾಖೆಯಿಂದ ವರ್ಗವಾಗಿ ಬಂದವರು, ಎತ್ತರದಲ್ಲಿರುವ ವಸ್ತುಗಳ ಬಗ್ಗೆ ಅನುಭವವಿದೆ ಎಂದೇ ಇಲ್ಲಿಗೆ ಹಾಕಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ತೂತು ಇದೆ ಎಂದು ಕೇಳಿದ ಕೂಡಲೇ "ಮುಚ್ಚಿ" ಎಂದರು. ವೇಗಾಧಿಕಾರಿಗಳು ಗಾಳಿಯ ವಿಷಯ ಎತ್ತಿದಾಗ, "ಗಾಳಿ ಹೊರಗೆ ಹೋಗೋದಕ್ಕೆ ಅನುಕೂಲ ಮಾಡಿಕೊಡೋದು ನಮ್ಮ ಇಲಾಖೆಯ ಧ್ಯೇಯೋದ್ದೇಶದಲ್ಲಿ ಇದೆಯೇನ್ರೀ?" ಎಂದು ಕೇಳಿದರು. ಅದೂ ಇರಲಿಲ್ಲ. ಮಾರನೆಯ ದಿನ ಫಲಕದ ಮೇಲೆ ಸುತ್ತೋಲೆ ಹತ್ತಿತು:

"ಎಲ್ಲಾ ಅವರೋಹಣ ಛತ್ರಗಳ ನೆತ್ತಿಯಲ್ಲಿ ಕಂಡುಬಂದಿರುವ ತೂತುಗಳನ್ನು ಈ ಮೂಲಕ ರದ್ದುಪಡಿಸಲಾಗಿದೆ. ಮಿತವ್ಯಯದ ದೃಷ್ಟಿಯಿಂದ ಹೊಸ ಬಟ್ಟೆ ಕೊಳ್ಳದೆ, ಆಯಾ ಛತ್ರದ ಅಂಚಿನಿಂದಲೇ ಕತ್ತರಿಸಿ ತೇಪೆ ಹಾಕತಕ್ಕದ್ದು. ಒಂದೇ ಕಡೆ ಕತ್ತರಿಸಿದರೆ ಅಂದ ಕೆಡುವುದರಿಂದ ಸುತ್ತಲೂ ಸಮನಾಗಿ ಕತ್ತರಿಸತಕ್ಕದ್ದು. ಉಳಿಯುವ ಬಟ್ಟೆ ಉಳಿಯದಂತೆ ನೋಡಿಕೊಳ್ಳತಕ್ಕದ್ದು."

ಹೊಲಿಗೆ ಮೇಸ್ತ್ರಿ ಸಂತೋಷದಿಂದಲೇ ಕತ್ತರಿ ಹಿಡಿದ. "ಹೊಲಿ ಅಂದ್ರೆ ಹೊಲೀತೀನಿ, ಕತ್ತರಿಸು ಅಂದ್ರೆ ಕತ್ತರಿಸ್ತೀನಿ. ಮೇಲೆ ಹೋಗೋನು ನಾನಲ್ಲವಲ್ಲ," ಎಂದು ಆತ ಎಲ್ಲರ ಮುಂದೆಯೇ ಹೇಳಿದ, ಇಡೀ ಇಲಾಖೆಯಲ್ಲಿ ಮನಸ್ಸಿನ ಮಾತು ಆಡಿದವನು ಅವನೊಬ್ಬನೇ ಎನ್ನಬೇಕು. ಒಂದು ಬುಟ್ಟಿಯ ಬಾಯಿಯಷ್ಟು ತೂತಿಗೆ ತೇಪೆ ಬೇಕಿತ್ತು. ಅಂಚು ಸುತ್ತಲೂ ಸಮನಾಗಿ ಕತ್ತರಿಸಿದಾಗ ಬಂದ ಬಟ್ಟೆಯಲ್ಲಿ ಆ ತೂತನ್ನು ಹತ್ತು ಸಲ ಮುಚ್ಚಬಹುದಿತ್ತು. ಉಳಿದದ್ದು ಸುತ್ತೋಲೆಯ ಪ್ರಕಾರ ಉಳಿಯಕೂಡದು. ನಿರ್ದೇಶಕರ ಮನೆಯ ಸೋಫಾಗೆ ಹೊಸ ಹೊದಿಕೆ ಬಂತು. ಅದನ್ನು ಕಂಡು ಲೆಕ್ಕಪತ್ರ ಶಾಖೆಯವರು ನಮ್ಮ ಸ್ಕೂಟರುಗಳೇನು ಬಿಸಿಲಲ್ಲಿ ಒಣಗಬೇಕೇ ಎಂದರು. ಅಂಚು ಸಮವಾಗಿಲ್ಲ ಎಂಬ ಕಾರಣ ಬರೆದು ಮೇಸ್ತ್ರಿ ಇನ್ನೊಂದು ಸುತ್ತು ಕತ್ತರಿಸಿದ. ಸಿಬ್ಬಂದಿ ಶಾಖೆಗೆ ಇನ್ನೊಂದು ಸುತ್ತು. ಪ್ರತಿ ಸುತ್ತಿಗೂ ಅಂಚು ಹಿಂದಿನದಕ್ಕಿಂತ ಹೆಚ್ಚು ಸಮವಾಗುತ್ತಾ ಬಂತು.

ವೇಗಾಧಿಕಾರಿಗಳ ಮೇಜಿನ ಮೇಲೂ ಒಂದು ಪೊಟ್ಟಣ ಬಂದು ಕೂತಿತು. ಅವರು ಮುಟ್ಟಲಿಲ್ಲ. ಮಧ್ಯಾಹ್ನ ಲೆಕ್ಕಪತ್ರ ಶಾಖೆಯವರು ಬಂದು, "ಎಲ್ಲರೂ ತಗೊಂಡಿದ್ದಾರೆ. ನೀವೊಬ್ಬರೇ ತಗೊಳ್ಳದಿದ್ರೆ ನಮ್ಮನ್ನೆಲ್ಲ ಕಳ್ಳರು ಅಂದ ಹಾಗಾಗಲ್ವಾ?" ಎಂದು ನೊಂದ ದನಿಯಲ್ಲಿ ಕೇಳಿದರು. ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲದ ವೇಗಾಧಿಕಾರಿಗಳು ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡರು. ಅವರ ಹೆಂಡತಿ ಅದರಿಂದ ಊಟದ ಮನೆಯ ಕಿಟಕಿಗೆ ಪರದೆ ಹೊಲಿದುಕೊಂಡರು.

ಮರಳಿನ ಮೂಟೆ ಕಟ್ಟಿ ಪರೀಕ್ಷೆ ಮಾಡುವುದು ವಾಡಿಕೆ. ಮನುಷ್ಯನ ತೂಕದ ಮೂಟೆಯೊಂದನ್ನು ತೇಪೆ ಹಾಕಿದ ಪ್ಯಾರಾಚೂಟಿಗೆ ಕಟ್ಟಿ ವಿಮಾನದಿಂದ ಬಿಟ್ಟರು. ಅದು ಕುಡಿದವನ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ವಾಲುತ್ತಾ ಬಂದು ಮೈದಾನಕ್ಕೆ ಅಪ್ಪಳಿಸಿ ಒಡೆಯಿತು. ವೇಗಾಧಿಕಾರಿಗಳು ಅಳತೆ ನೋಡಿದರು. ಏಳು ಮೀಟರಿಗೂ ಮೇಲೆ. ಓಡಿಕೊಂಡೇ ನಿರ್ದೇಶಕರ ಕೋಣೆಗೆ ಹೋದರು.

"ಸಾರ್, ಸುತ್ತಲೂ ಕತ್ತರಿಸಿ ಕತ್ತರಿಸಿ ಬಟ್ಟೆ ಹೆಚ್ಚುಕಡಿಮೆ ಅರ್ಧ ಆಗಿದೆ. ವೇಗ ಏಳು ದಾಟಿದೆ."

"ಬಟ್ಟೆ ಅರ್ಧ ಆದ್ರೆ ವೇಗ ಎರಡರಷ್ಟು ಆಗಬೇಕಲ್ಲ? ಹತ್ತು?"

"ಹಾಗಾಗಲ್ಲ ಸಾರ್. ವೇಗ ಹೆಚ್ಚಿದ ಹಾಗೆ ಗಾಳಿಯ ತಡೆ ಅದಕ್ಕಿಂತ ಜೋರಾಗಿ ಹೆಚ್ಚುತ್ತೆ. ಅದಕ್ಕೇ ಬಟ್ಟೆ ಅರ್ಧ ಆದ್ರೂ ವೇಗ ಒಂದೂವರೆಯಷ್ಟೂ ಆಗಲ್ಲ."

ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಖ ಅರಳಿತು. "ಅಂದ್ರೆ ಅರ್ಧ ಬಟ್ಟೆ ಉಳಿತಾಯ ಆಯ್ತು, ವೇಗ ಮಾತ್ರ ಅರ್ಧದಷ್ಟೂ ಹೆಚ್ಚಲಿಲ್ಲ. ಇದನ್ನ ಲಾಭ ಅನ್ನದೆ ಏನಂತಾರ್ರೀ? ಇಷ್ಟು ದೊಡ್ಡ ಸಾಧನೆ ಮಾಡಿ ಅಳುಮುಖ ಹಾಕ್ಕೊಂಡು ಬಂದಿದ್ದೀರಲ್ಲ!"

"ಮೂಟೆ ಒಡೆದುಹೋಯ್ತು ಸಾರ್."

"ಮೂಟೆಗೆ ಮಂಡಿ ಬಗ್ಗಿಸೋಕೆ ಬರಲ್ಲ. ಮನುಷ್ಯನಿಗೆ ಬರುತ್ತೆ."

ಆದರೂ ಐದು ಮೀಟರಿನ ನಿಯಮ ಇತ್ತಲ್ಲ, ಅದಕ್ಕೇನಾದರೂ ಮಾಡಬೇಕು. ಹಗ್ಗವೂ ಹರಿಯಬಾರದು, ಕೋಲೂ ಮುರಿಯಬಾರದು. ಬೀಳುವ ವೇಗ ಇನ್ನು ಯಾವುದರ ಮೇಲೆ ನಿಂತಿದೆ ಎಂದು ನಿರ್ದೇಶಕರು ಕೇಳಿದರು. ಬೀಳುವವನ ಭಾರದ ಮೇಲೆ ಎಂದು ವೇಗಾಧಿಕಾರಿಗಳು ಬಾಯಿ ತಪ್ಪಿ ಹೇಳಿಬಿಟ್ಟರು. ಸಂಜೆಯೊಳಗೆ ಎರಡನೆಯ ಸುತ್ತೋಲೆ ಹೊರಟಿತು: ಹಾರುಗರು ಛತ್ರದ ಅಳತೆಗೆ ತಕ್ಕಂತೆ ತಮ್ಮ ದೇಹವನ್ನು ಹೊಂದಿಸಿಕೊಳ್ಳತಕ್ಕದ್ದು, ಕ್ಯಾಂಟೀನಿನಲ್ಲಿ ಅವರಿಗೆ ಇಂದಿನಿಂದ ನೀರು, ಗಾಳಿ, ಬೆಳಕು ಮೂರನ್ನೂ ಧಾರಾಳವಾಗಿ ಒದಗಿಸಲಾಗುವುದು.

ಇದರಿಂದಾಗಿಯೇ ಬಾಮೈದ ಅಕ್ಕನ ಮನೆಗೆ ಊಟಕ್ಕೆ ಬರತೊಡಗಿದ. ಕದ್ದು ಬರುತ್ತಿದ್ದ, ಇಲಾಖೆಯ ತೂಕದ ಯಂತ್ರಕ್ಕೆ ಹೆದರಿ ಅಕ್ಕ ಬಡಿಸಿದ್ದರಲ್ಲಿ ಅರ್ಧ ಬಿಡುತ್ತಿದ್ದ. ಅವನ ಕತ್ತಿನ ಮೂಳೆ ಕಾಣುತ್ತಿತ್ತು. ವೇಗಾಧಿಕಾರಿಗಳಿಗೆ ಅದನ್ನು ನೋಡಲಾಗುತ್ತಿರಲಿಲ್ಲ, ತಟ್ಟೆಯ ಕಡೆ ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಒಂದು ದಿನ ಅವನು ಕೈ ತೊಳೆದುಕೊಂಡು ಬಂದವನು ಒರೆಸಿಕೊಳ್ಳಲೆಂದು ಕಿಟಕಿಯ ಪರದೆ ಹಿಡಿದ. ಹಿಡಿದವನು ಬಿಡಲಿಲ್ಲ. ಬೆರಳುಗಳ ನಡುವೆ ಉಜ್ಜಿ ನೋಡಿದ.

"ಅಕ್ಕ, ಈ ಪರದೆ ಎಲ್ಲಿಂದ ತಂದೆ?"

"ನಿಮ್ಮ ಭಾವ ತಂದ್ರು ಕಣೋ. ಎಷ್ಟು ಹಗುರ ನೋಡು. ಒಂದು ಚೂರು ಗಾಳಿ ಬಂದ್ರೂ ಸಾಕು, ಹೇಗೆ ಉಬ್ಬುತ್ತೆ ಅಂತೀಯ!"

"ಉಬ್ಬದೆ ಇನ್ನೇನು ಮಾಡುತ್ತೆ. ಅದರ ಕೆಲಸವೇ ಅದು," ಎಂದ ಬಾಮೈದ.

ಅಕ್ಕ ಗಂಡನ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವಂತೆ, ಯಾರೂ ಏನೂ ಕೇಳುವ ಮೊದಲೇ ವೇಗಾಧಿಕಾರಿಗಳು, "ಬರೀ ಅಂಚು ಕಣೇ. ನಡುವಿನದು ಹಾಗೇ ಇದೆ," ಎಂದುಬಿಟ್ಟರು.

ಆಕೆ ಕುರ್ಚಿ ಎಳೆದು ಹತ್ತಿದರು. ಪರದೆಯನ್ನು ಕಂಬಿಯಿಂದ ಬಿಡಿಸಿ, ನಾಲ್ಕು ಮಡಿಕೆ ಮಾಡಿ ಗಂಡನ ತೊಡೆಯ ಮೇಲಿಟ್ಟರು. "ನಾಳೆ ಇದನ್ನ ತಗೊಂಡು ಹೋಗಿ ಎಲ್ಲಿತ್ತೋ ಅಲ್ಲಿಗೆ ಹೊಲಿಸಿ. ಹೊಲಿಸೋ ತನಕ ನನ್ನ ಹತ್ರ ಮಾತಾಡಬೇಡಿ." ಆಕೆಯ ದನಿ ಏರಿರಲಿಲ್ಲ. ಏರಿದ್ದರೆ ವೇಗಾಧಿಕಾರಿಗಳು ಏನಾದರೂ ಸಮಾಧಾನ ಹೇಳುತ್ತಿದ್ದರು.

ಬೆಳಿಗ್ಗೆ ಅವರು ಬಟ್ಟೆಯ ಗಂಟನ್ನು ಕಂಕುಳಲ್ಲಿ ಹಿಡಿದು ಉಗ್ರಾಣಕ್ಕೆ ಹೋದರು. ಉಗ್ರಾಣದವರು ಗಂಟನ್ನು ನೋಡಿದರು, ಮುಟ್ಟಲಿಲ್ಲ.

"ಇದನ್ನ ಒಳಗೆ ತಗೊಳ್ಳಿ," ಎಂದರು ವೇಗಾಧಿಕಾರಿಗಳು.

"ಒಳಗೆ ಬರಬೇಕಾದ್ರೆ ಮೊದಲು ಹೊರಗೆ ಹೋಗಿರಬೇಕಲ್ಲ ಸಾರ್. ಇದು ಹೊರಗೆ ಹೋಗೇ ಇಲ್ಲ."

"ಹೋಗದೆ ನನ್ನ ಕಂಕುಳಲ್ಲಿ ಹೇಗಿದೆ?"

"ಅದನ್ನ ನೀವು ಬರೆದು ಕೊಡಬೇಕಾಗುತ್ತೆ," ಎಂದು ಉಗ್ರಾಣದವರು ಅನುಕಂಪದಿಂದಲೇ ಹೇಳಿದರು. "ಆದ್ರೆ ಒಂದು ಯೋಚನೆ ಮಾಡಿ ಸಾರ್. ಬೇರೆ ಯಾರೂ ಬರೆದು ಕೊಟ್ಟಿಲ್ಲ. ನೀವು ಬರೆದು ಕೊಟ್ರೆ ನೀವೊಬ್ಬರೇ ತಗೊಂಡ ಹಾಗಾಗುತ್ತೆ."

ವೇಗಾಧಿಕಾರಿಗಳು ಹೊಲಿಗೆ ಮೇಸ್ತ್ರಿಯ ಬಳಿಗೆ ಹೋದರು. ನಿರ್ದೇಶಕರು ಒಂದು ಮಾತು ಹೇಳಿದರೆ ಈಗಲೇ ಹೊಲಿದುಕೊಡುತ್ತೇನೆ ಎಂದ ಅವನು. ನಿರ್ದೇಶಕರ ಕೋಣೆಯ ಬಾಗಿಲವರೆಗೂ ಹೋದರು. ಒಳಗಿನಿಂದ ನಗು ಕೇಳುತ್ತಿತ್ತು. ಆಡಿಟರು ಬಂದಿದ್ದರು, ಇಬ್ಬರೂ ಹೊಸ ಹೊದಿಕೆಯ ಬಗ್ಗೆ ಮಾತಾಡುತ್ತಿದ್ದರು. ವೇಗಾಧಿಕಾರಿಗಳು ಹಿಂದಿರುಗಿ ಗಂಟನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮನೆಯಲ್ಲಿ ಅಂದಿನಿಂದ ಊಟದ ತಟ್ಟೆ ಮಾತಿಲ್ಲದೆ ಬಂದು ಮಾತಿಲ್ಲದೆ ಹೋಗತೊಡಗಿತು.

ಅಷ್ಟರಲ್ಲಿ ಮಂತ್ರಿಗಳು ಬರುತ್ತಾರೆಂದು ಸುದ್ದಿ ಬಂತು. ಅವರ ಸಮ್ಮುಖದಲ್ಲಿ ಹಾರಿ ತೋರಿಸಿದ ಹಂಗಾಮಿ ಹಾರುಗನನ್ನು ಕಾಯಂ ಮಾಡುವುದು ಎಂದು ನಿರ್ಣಯವಾಯಿತು. ಭಾರದ ಪರೀಕ್ಷೆಯಲ್ಲಿ ಪಾಸಾದವನು ಬಾಮೈದ ಒಬ್ಬನೇ. ಅವನು ಹಾರಬೇಕಾದರೆ ಮಾತ್ರ, ಈ ಛತ್ರದಿಂದ ನಿಧಾನವಾಗಿ ಬೀಳಬಹುದು ಎಂಬ ಮಾತಿನ ಕೆಳಗೆ ವೇಗಾಧಿಕಾರಿಗಳ ಸಹಿ ಬೀಳಬೇಕಿತ್ತು. ಕಾಗದ ಬಂದು ಮೇಜಿನ ಮೇಲೆ ಕೂತಿತು. ವೇಗಾಧಿಕಾರಿಗಳು ಪೆನ್ನು ತೆಗೆಯುವರು, ಮುಚ್ಚಳ ಬಿಚ್ಚುವರು, ಮತ್ತೆ ಹಾಕುವರು. ಸಹಿ ಮಾಡುವುದಿಲ್ಲ ಎಂದು ಬರೆಯಲು ಕಾರಣ ಬೇಕು. ಬಟ್ಟೆ ಕಡಿಮೆಯಾಗಿದೆ ಎಂದು ಬರೆದರೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯ ಉತ್ತರ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು.

ಕೊನೆಗೆ ಬಾಮೈದನೇ ಬಂದ.

"ಭಾವ, ಸಹಿ ಹಾಕಿ."

"ಬಾಗಿಲು ಹಾಕು. ಕೂತ್ಕೊ," ಎಂದರು ವೇಗಾಧಿಕಾರಿಗಳು. "ನೀನು ಇಳಿದಿರೋ ತೂಕ ಲೆಕ್ಕಕ್ಕೆ ಹಿಡಿದರೂ ಏಳಕ್ಕಿಂತ ಕೆಳಗೆ ಬರ್ತಿಲ್ಲ ಕಣೋ. ಅದರ ಮೇಲೆ ತೂಗಾಟ ಬೇರೆ. ಎದೆಮಟ್ಟದ ಗೋಡೆ ಅಲ್ಲ ಇದು, ಮೊದಲನೇ ಮಹಡಿ ಕಿಟಕಿ."

"ಮೊದಲನೇ ಮಹಡಿಯಿಂದ ಹಾರಿದವರು ಎಷ್ಟೋ ಜನ ಬದುಕಿದ್ದಾರೆ ಭಾವ. ಕೆಲಸ ಇಲ್ಲದೇ ಇರೋರು ಬದುಕಿರೋದನ್ನ ತೋರಿಸಿ ನೋಡೋಣ."

ವೇಗಾಧಿಕಾರಿಗಳು ಮತ್ತೆ ಪೆನ್ನಿನ ಮುಚ್ಚಳ ಬಿಚ್ಚಿದರು.

"ನನಗೆ ಮದುವೆಗೆ ನೋಡಿರೋ ಹುಡುಗಿ ಅಪ್ಪ ನಿನ್ನೆ ಮತ್ತೆ ಹೇಳಿಕಳಿಸಿದ್ರು. ಬೀಳೋ ಕೆಲಸ ಆದ್ರೂ ಪರವಾಗಿಲ್ಲ, ಕಾಯಂ ಇರಬೇಕು ಅಂತ. ಈ ಸಲ ಆಗದಿದ್ರೆ ಬೇರೆ ಕಡೆ ನೋಡ್ತಾರಂತೆ." ಅವನು ನಗಲು ನೋಡಿದ. "ನಾನು ಮಂಡಿ ಚೆನ್ನಾಗಿ ಬಗ್ಗಿಸ್ತೀನಿ ಭಾವ. ನೀವೇ ಕಲಿಸಿದ್ದಲ್ವಾ."

ವೇಗಾಧಿಕಾರಿಗಳು ಸಹಿ ಹಾಕಿದರು. ಹುಡುಗನ ಒಳ್ಳೆಯದಕ್ಕೆ ಎಂದು ತಮಗೆ ತಾವೇ ಹೇಳಿಕೊಂಡರು. ನಿಜ ಏನೆಂದರೆ ಅವರಿಗೆ ಹೆದರಿಕೆಯಾಗಿತ್ತು, ಮತ್ತು ಹುಡುಗ ತಾನಾಗಿ ಬಂದು ಕೇಳಿದ್ದರಿಂದ ಆ ಹೆದರಿಕೆಗೆ ಒಳ್ಳೆಯ ಹೆಸರೊಂದು ಸಿಕ್ಕಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಇಳಿಯುವ ಜಾಗದಲ್ಲಿ ಮರಳು ಹಾಸುವುದು ಒಳಿತು ಎಂದು ಸೇರಿಸಿದರು. ನೆಲ ಬೇರೆ ಇಲಾಖೆಗೆ ಸೇರಿದ್ದೆಂದು ನಿರ್ದೇಶಕರು ಆ ಸಾಲನ್ನು ಹೊಡೆದುಹಾಕಿದರು.

ಆ ದಿನ ಆಕಾಶ ಶುಭ್ರವಾಗಿತ್ತು. ಮೈದಾನದಲ್ಲಿ ಶಾಮಿಯಾನ, ಬ್ಯಾಂಡು, ಮಂತ್ರಿಗಳಿಗೆ ಎತ್ತರದ ಬೆನ್ನಿನ ಕುರ್ಚಿ. ವೇಗಾಧಿಕಾರಿಗಳ ಹೆಂಡತಿ ಬೇಲಿಯ ಹತ್ತಿರ ಸಾರ್ವಜನಿಕರ ಜೊತೆ ನಿಂತಿದ್ದರು. ಗಂಡನ ಪಕ್ಕ ಮೀಸಲಿದ್ದ ಕುರ್ಚಿಗೆ ಬಂದಿರಲಿಲ್ಲ. ವಿಮಾನ ಒಂದು ಸುತ್ತು ಹೊಡೆಯಿತು. ಒಂದು ಚುಕ್ಕೆ ಉದುರಿತು. ಬಟ್ಟೆ ಅರಳಿತು. ಚಪ್ಪಾಳೆ ಬಿತ್ತು.

ಅರಳಿದ ಬಟ್ಟೆ ತೀರಾ ಪುಟ್ಟದಾಗಿ ಕಂಡಿತು. ಎತ್ತರದಲ್ಲಿದೆ, ಅದಕ್ಕೆ, ಎಂದು ಎಲ್ಲರೂ ಅಂದುಕೊಂಡರು. ಆಮೇಲೆ ಅದು ತೂಗತೊಡಗಿತು. ಮೊದಲು ಚೂರು, ಆಮೇಲೆ ಹೆಚ್ಚು, ಆಮೇಲೆ ಬಾಮೈದ ಒಂದು ಸಲ ಬಟ್ಟೆಯ ಈ ಬದಿಗೆ, ಒಂದು ಸಲ ಆ ಬದಿಗೆ ಬೀಸಿಬೀಸಿ ಬರುತ್ತಿದ್ದ. ನಿರ್ದೇಶಕರು ಮೈಕು ಹಿಡಿದರು. "ಸನ್ಮಾನ್ಯರೇ, ನಮ್ಮ ಹಾರುಗರು ಆಕಾಶದಿಂದಲೇ ಎಡಕ್ಕೂ ಬಲಕ್ಕೂ ಬಾಗಿ ತಮಗೆ ವಂದನೆ ಸಲ್ಲಿಸುತ್ತಿದ್ದಾರೆ." ಮಂತ್ರಿಗಳು ಎದ್ದು ನಿಂತು ಎಡಕ್ಕೂ ಬಲಕ್ಕೂ ಕೈ ಬೀಸಿದರು. ಬೇಲಿಯ ಹತ್ತಿರ ಒಬ್ಬ ಹೆಂಗಸು ಏನೋ ಕೂಗಿದ್ದು ಬ್ಯಾಂಡಿನ ಸದ್ದಿನಲ್ಲಿ ಕೇಳಿಸಲಿಲ್ಲ. ವೇಗಾಧಿಕಾರಿಗಳಿಗೆ ಮಾತ್ರ ಕೇಳಿಸಿತು. ಅವರು ಕುರ್ಚಿಯ ಕೈಗಳನ್ನು ಹಿಡಿದುಕೊಂಡು, ಬಗ್ಗಿಸು, ಮಂಡಿ ಬಗ್ಗಿಸು, ಎಂದು ಬಾಯೊಳಗೇ ಹೇಳುತ್ತಿದ್ದರು.

ಬಾಮೈದ ಚೆನ್ನಾಗಿಯೇ ಮಂಡಿ ಬಗ್ಗಿಸಿದ. ಆದರೆ ತೂಗಾಟದ ತುದಿಯಲ್ಲಿದ್ದವನು ನೆಲಕ್ಕೆ ಓರೆಯಾಗಿ ಬಂದು ಬಿದ್ದ. ಎರಡು ಕಾಲೂ ಮುರಿದವು.

ಮಂತ್ರಿಗಳು ಕೈಗಡಿಯಾರ ನೋಡಿಕೊಂಡರು. ಕಾರ್ಯಕ್ರಮ ಪಟ್ಟಿಯಲ್ಲಿ ಇಳಿಯುವ ಹೊತ್ತಿಗೆ ಇನ್ನೂ ಸಮಯವಿತ್ತು. ಭಾಷಣದಲ್ಲಿ ಅವರು ಭಾವುಕರಾದರು. "ಸರ್ಕಾರದ ಒಂದು ಇಲಾಖೆ ಹೇಳಿದ ಹೊತ್ತಿಗಿಂತ ಮೊದಲೇ ಕೆಲಸ ಮುಗಿಸಿದ್ದನ್ನು ನಾನು ನನ್ನ ಜೀವಮಾನದಲ್ಲಿ ಮೊದಲ ಸಲ ನೋಡುತ್ತಿದ್ದೇನೆ," ಎಂದರು. ಇನ್ನು ಮುಂದೆ ಎಲ್ಲ ಪ್ಯಾರಾಚೂಟುಗಳನ್ನೂ ಇದೇ ಮಾದರಿಯಲ್ಲಿ ಹೊಲಿಸಬೇಕೆಂದು ಅಲ್ಲಿಯೇ ಘೋಷಿಸಿದರು. ಆಂಬುಲೆನ್ಸು ಹೊರಡಲು ಭಾಷಣ ಮುಗಿಯುವವರೆಗೆ ಕಾಯಬೇಕಾಯಿತು, ಮಧ್ಯದಲ್ಲಿ ಎದ್ದುಹೋಗುವುದು ಶಿಷ್ಟಾಚಾರವಲ್ಲ.

ಕಾಲು ಮುರಿದ ಮೇಲೆ ವಿಚಾರಣೆ ಆಗಲೇಬೇಕು. ವಿಚಾರಣಾ ಸಮಿತಿ ಆಸ್ಪತ್ರೆಗೇ ಬಂತು: ನಿರ್ದೇಶಕರು ಅಧ್ಯಕ್ಷರು, ಆಡಿಟರು ಸದಸ್ಯರು, ವೇಗಾಧಿಕಾರಿಗಳು ಬರೆದುಕೊಳ್ಳುವವರು. ಬಾಮೈದನ ಎರಡು ಕಾಲಿಗೂ ತೊಡೆಯವರೆಗೆ ಪ್ಲಾಸ್ಟರ್ ಇತ್ತು. ತಲೆಯ ಬಳಿ ಸ್ಟೂಲಿನ ಮೇಲೆ ಅವನ ಅಕ್ಕ ಕೂತಿದ್ದರು. ರಾತ್ರಿಯೆಲ್ಲ ಅತ್ತು ಕಣ್ಣು ಊದಿತ್ತು. ಗಂಡನ ಕಡೆ ಇನ್ನೂ ನೋಡಿರಲಿಲ್ಲ.

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ನೋಡಪ್ಪ, ನಿನ್ನ ಕಾಯಂ ಆದೇಶ ತಯಾರಾಗಿದೆ. ವೇಗದ ನಿಯಮ ಮುರಿದು ಬಿದ್ದಿಲ್ಲ ಅನ್ನೋದು ಖಾತ್ರಿ ಆದ್ರೆ ಇಲ್ಲೇ ಕೊಟ್ಟುಬಿಡ್ತೀನಿ. ಮುರಿದಿದ್ರೆ ನಿನ್ನ ಮೇಲೆ ಶಿಸ್ತುಕ್ರಮ ಆಗುತ್ತೆ. ಯೋಚನೆ ಮಾಡಿ ಹೇಳು. ಹೇಗೆ ಬಿದ್ದೆ?"

ಬಾಮೈದ ಭಾವನನ್ನು ನೋಡಿದ. ವೇಗಾಧಿಕಾರಿಗಳ ಪೆನ್ನು ಕಾಗದದ ಮೇಲೆ ನಿಂತಿತ್ತು. ನಿಜ ಹೇಳಿಬಿಡು, ಎಂದು ಅವರ ಮನಸ್ಸು ಕೂಗುತ್ತಿತ್ತು. ಅವನು ಹೇಳಿಬಿಟ್ಟರೆ ತಾವೂ ಹೇಳಬಹುದಿತ್ತು.

"ನಾನು ನಿಧಾನವಾಗೇ ಬಿದ್ದೆ ಸಾರ್," ಎಂದ ಬಾಮೈದ. "ನೆಲ ಸ್ವಲ್ಪ ಬೇಗ ಬಂತು."

ಕೋಣೆಯಲ್ಲಿ ಎಲ್ಲರ ಉಸಿರು ಒಟ್ಟಿಗೇ ಇಳಿಯಿತು. "ನಾನು ಮೊದಲೇ ಅಂದುಕೊಂಡಿದ್ದೆ," ಎಂದರು ಆಡಿಟರು. ವೇಗಾಧಿಕಾರಿಗಳು ಬರೆದುಕೊಂಡರು. ಅವಧಿಗೆ ಮುಂಚೆ ಎದುರಾದ ನೆಲದ ಮೇಲೆ ನಿಗಾ ಇಡಲು ಇಲಾಖೆಯಲ್ಲಿ ಹೊಸದಾಗಿ ಭೂ ಶಾಖೆ ತೆರೆಯುವುದೆಂದೂ, ಅದಕ್ಕೆ ವೇಗಾಧಿಕಾರಿಗಳನ್ನೇ ಬಡ್ತಿಯ ಮೇಲೆ ಮುಖ್ಯಸ್ಥರನ್ನಾಗಿ ಮಾಡುವುದೆಂದೂ ಸಮಿತಿ ಅಲ್ಲೇ ತೀರ್ಮಾನಿಸಿತು. ಬಾಮೈದನ ಕೈಗೆ ಕಾಯಂ ಆದೇಶ ಬಂತು. ಹಾರುಗನಿಗೆ ಕಾಲಿರಬೇಕೆಂದು ನೇಮಕಾತಿ ನಿಯಮದಲ್ಲಿ ಎಲ್ಲೂ ಹೇಳಿಲ್ಲವಾದ್ದರಿಂದ ತೊಡಕೇನೂ ಇಲ್ಲ ಎಂದು ನಿರ್ದೇಶಕರು ಅವನ ಭುಜ ತಟ್ಟಿದರು. ಪ್ಲಾಸ್ಟರಿನ ಭಾರ ಸ್ವಲ್ಪ ಕಡಿಮೆ ಮಾಡಿಸುವಂತೆ ಡಾಕ್ಟರಿಗೆ ಸೂಚಿಸಿ ಹೊರಟರು.

ಬಾಗಿಲಲ್ಲಿ ಹುಡುಗಿಯ ಅಪ್ಪ ಹಣ್ಣಿನ ಚೀಲ ಹಿಡಿದು ಕಾಯುತ್ತಿದ್ದರು. ಒಳಗೆ ಬಂದು ಮೊದಲು ಆದೇಶ ಓದಿದರು, 'ಕಾಯಂ' ಎನ್ನುವಲ್ಲಿ ಬೆರಳಿಟ್ಟು ಇನ್ನೊಮ್ಮೆ ಓದಿದರು, ಆಮೇಲೆ ಚೀಲವನ್ನು ಮಂಚದ ಮೇಲಿಟ್ಟರು. "ಕಾಲಿಂದೇನು, ನಿಧಾನವಾಗಿ ಆಗುತ್ತೆ ಬಿಡಿ ಅಳಿಯಂದಿರೇ," ಎಂದರು. ಬಾಮೈದ ನಕ್ಕ. ನೋವಿಗೆ ಅವನ ಹಣೆಯಲ್ಲಿ ಬೆವರು ಒಡೆದಿತ್ತು, ಆದರೆ ನಗು ಹಳೆಯ ನಗುವೇ.

ಅವರೂ ಹೋದ ಮೇಲೆ ಕೋಣೆಯಲ್ಲಿ ಮೂವರು ಉಳಿದರು. ವೇಗಾಧಿಕಾರಿಗಳು ಮಂಚದ ಕಾಲಬದಿಯಲ್ಲಿ ನಿಂತೇ ಇದ್ದರು. ಇಷ್ಟು ಜನರಲ್ಲಿ ಒಬ್ಬರಾದರೂ ತಮ್ಮ ಮುಖಕ್ಕೆ ಉಗಿಯಬೇಕೆಂದು ಅವರ ಜೀವ ಹಾತೊರೆಯುತ್ತಿತ್ತು. ಉಗಿಯುವವರು ಯಾರಾದರೂ ಇದ್ದರೆ ಅದು ಆಕೆಯೇ. ಆಕೆ ಬೈದರೆ ಸಾಕು, ಈ ಕಾಗದ ಹರಿದುಹಾಕಿ, ಇದ್ದದ್ದನ್ನು ಇದ್ದ ಹಾಗೆ ಬರೆದು, ಆದದ್ದಾಗಲಿ ಎಂದು ಕೊಟ್ಟುಬಿಡುತ್ತೇನೆ ಎಂದುಕೊಂಡರು. ನಿಜವಾಗಿಯೂ ಹಾಗೆಯೇ ಮಾಡುತ್ತಿದ್ದರೋ ಏನೋ.

ಹೆಂಡತಿ ತಮ್ಮನ ಕೈಯಿಂದ ಆದೇಶ ತೆಗೆದುಕೊಂಡು ಮೇಲಿಂದ ಕೆಳಗೆ ಓದಿದರು. ಹಿಂದೆ ತಿರುಗಿಸಿ ನೋಡಿದರು. ಆಮೇಲೆ ಎಷ್ಟೋ ದಿನಗಳ ಮೇಲೆ ಮೊದಲ ಸಲ ಗಂಡನ ಮುಖ ನೋಡಿದರು.

"ರೀ," ಎಂದರು, "ಇದಕ್ಕೆ ಪೆನ್ಶನ್ ಬರುತ್ತಾ?"

"ಬರುತ್ತೆ," ಎಂದರು ವೇಗಾಧಿಕಾರಿಗಳು.